ಲೈಟು ಹಸಿರು, ಫೋಲ್ಡರು ಮಾಯ: ಮನೆಯ ನ್ಯಾಸ್ ಪೆಟ್ಟಿಗೆ ಸಿಗದಿದ್ದಾಗ ಎಲ್ಲಿಂದ ಹುಡುಕೋದು

ಈ ಸಲದ ವಿಡಿಯೋ ಸ್ವಲ್ಪ ಉದ್ದ ಆಗಿದೆ. ಅಷ್ಟು ಹೊತ್ತು ಕೂತು ನೋಡೋಕೆ ಆಗದವರಿಗೆ, ಮತ್ತೆ ರಾತ್ರಿ ಹನ್ನೊಂದು ಗಂಟೆಗೆ ಪೆಟ್ಟಿಗೆ ಮುಂದೆ ಕೂತು ಬೇಕಾದ ಒಂದು ಸಾಲಿಗಾಗಿ ತಡಕಾಡೋರಿಗೆ ಇದು ಅದರ ಬರಹರೂಪ. ಮಾತಿನಲ್ಲಿ ಹೇಳಿದ್ದನ್ನ ಅಲ್ಲಲ್ಲಿ ತಿದ್ದಿದ್ದೀನಿ, ಎರಡು ವಿಷಯ ಹೊಸದಾಗಿ ಸೇರಿಸಿದ್ದೀನಿ.

ನ್ಯಾಸ್ ಅಂದರೆ ಮನೆಯ ವೈಫೈಗೆ ಸೇರಿಕೊಂಡಿರೋ ಡಿಸ್ಕಿನ ಪೆಟ್ಟಿಗೆ. ನಮ್ಮಂಥ ಊರು ಬಿಟ್ಟ ಸಾಫ್ಟ್‌ವೇರ್ ಮಂದಿ ಮನೆಯಲ್ಲಿ ಈಗ ಇದು ಮಿಕ್ಸಿ, ಇನ್ವರ್ಟರ್ ಥರ ಒಂದು ಸಾಮಾನು. ಮಗುವಿನ ಫೋಟೋ, ಮದುವೆ ವಿಡಿಯೋ, ಊರಿನ ಜಮೀನಿನ ಕಾಗದದ ಸ್ಕ್ಯಾನ್ ಎಲ್ಲ ಅದರಲ್ಲೇ. ಒಂದು ದಿನ ಅದು ಸಿಗಲ್ಲ. ಆಗ ಹೆಚ್ಚಿನವರು ಮಾಡೋ ಮೊದಲ ಕೆಲಸ ಪ್ಲಗ್ ಕಿತ್ತು ಮತ್ತೆ ಹಾಕೋದು. ದಯವಿಟ್ಟು ಅದನ್ನ ಮಾಡಬೇಡಿ. ಡಿಸ್ಕು ಬರೀತಿರೋವಾಗ ಕರೆಂಟ್ ಹೋದರೆ, ಬರೀ ದಾರಿ ತಪ್ಪಿದ್ದ ಪೆಟ್ಟಿಗೆ ನಿಜವಾಗಿಯೂ ಕೆಟ್ಟುಹೋಗಬಹುದು. ಹತ್ತರಲ್ಲಿ ಒಂಬತ್ತು ಸಲ ಡೇಟಾಕ್ಕೆ ಏನೂ ಆಗಿರಲ್ಲ, ನಿಮಗೂ ಪೆಟ್ಟಿಗೆಗೂ ನಡುವಿನ ದಾರಿ ಎಲ್ಲೋ ಮುರಿದಿರುತ್ತೆ ಅಷ್ಟೆ. ಆ ದಾರಿಯನ್ನ ಕೆಳಗಿಂದ ಮೇಲಕ್ಕೆ ನೋಡ್ತಾ ಹೋಗಬೇಕು: ವೈರು, ವಿಳಾಸ, ಬಾಗಿಲು, ಬೀಗ.

ವೈರಿನ ವಿಷಯ ಬೇಗ ಮುಗಿಸ್ತೀನಿ. ಪೆಟ್ಟಿಗೆಯ ಹಿಂದೆ ವೈರು ಚುಚ್ಚೋ ಜಾಗದ ಪುಟ್ಟ ಲೈಟು ಮಿಟುಕಬೇಕು. ಮಿಟುಕದಿದ್ದರೆ ಬೇರೆ ವೈರು, ರೌಟರಿನ ಬೇರೆ ತೂತು. ವೈಜಾಗಿನಲ್ಲಿ ಸಮುದ್ರದ ಕಡೆ ಬಾಲ್ಕನಿ ಇರೋರು ಇನ್ನೊಂದು ನೋಡಿ: ಉಪ್ಪುಗಾಳಿಗೆ ವೈರಿನ ತುದಿಯ ತಾಮ್ರ ಹಸಿರಾಗುತ್ತೆ. ಆಗ ಸಂಪರ್ಕ ಪೂರ್ತಿ ಹೋಗಲ್ಲ, ವೇಗ ಬೀಳುತ್ತೆ. ಸರಿಯಿರೋ ಗಿಗಾಬಿಟ್ ವೈರಿನಲ್ಲಿ ಫೈಲ್ ಸೆಕೆಂಡಿಗೆ 110 ಎಂಬಿ ಆಸುಪಾಸಿನಲ್ಲಿ ಬರುತ್ತೆ. ನಿಮಗೆ ಸರಿಯಾಗಿ 11 ಎಂಬಿಯಲ್ಲೇ ನಿಂತಿದ್ದರೆ, ಎಂಟು ಎಳೆಯಲ್ಲಿ ಒಂದು ಎಳೆ ಕೈಕೊಟ್ಟು ಲಿಂಕು 100 ಮೆಗಾಬಿಟ್ಟಿಗೆ ಇಳಿದಿದೆ ಅಂತ ಅನುಮಾನ ಪಡಿ.

ಈಗ ವಿಳಾಸ. ಇಲ್ಲಿ ಒಂದು ನಡೆದದ್ದನ್ನೇ ಹೇಳ್ತೀನಿ, ಯಾಕಂದ್ರೆ ಅದರಲ್ಲಿ ಮೂರು ಪಾಠ ಒಟ್ಟಿಗೆ ಇವೆ.

ನಮ್ಮಕ್ಕ ಇರೋದು ವಿಜಯವಾಡದಲ್ಲಿ. 2024ರ ಬೇಸಿಗೆ, ಒಂದು ಶುಕ್ರವಾರ ರಾತ್ರಿ ಫೋನು. "ಲೋ, ಪೆಟ್ಟಿಗೆ ತೆಗೀತಿಲ್ಲ ಕಣೋ. ಸೋಮವಾರ ಚಿಕ್ಕಪ್ಪ ನಾಡಕಚೇರಿಗೆ ಹೋಗ್ಬೇಕು, ಪಾಲುಪಟ್ಟಿ ಕೇಳ್ತಿದಾರೆ." ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸೋ ಓಡಾಟ ಅದು. ತಿಪಟೂರಿನ ಮನೆಯಲ್ಲಿದ್ದ ಮೂಲ ಪಾಲುಪಟ್ಟಿಯನ್ನ ಗೆದ್ದಲು ತಿಂದಿತ್ತು. ನೋಂದಣಿ ಆಗದ ಹಳೇ ಕಾಗದ, ಸಬ್‌ರಿಜಿಸ್ಟ್ರಾರ್ ಹತ್ತಿರ ನಕಲು ಕೇಳೋಣ ಅಂದ್ರೆ ಅಲ್ಲಿ ಇರೋದೇ ಇಲ್ಲ. ಉಳಿದಿದ್ದು ಅಕ್ಕ ಯಾವತ್ತೋ ಮಾಡಿಟ್ಟ ಸ್ಕ್ಯಾನ್ ಒಂದೇ.

ಅಕ್ಕನ ಲ್ಯಾಪ್‌ಟಾಪಿನಲ್ಲಿ ಝಡ್ ಡ್ರೈವ್ ಮೇಲೆ ಕೆಂಪು ಗುರುತು, ಒತ್ತಿದರೆ ಕೊನೆಯಲ್ಲಿ 80070035 ಅನ್ನೋ ಸಂಖ್ಯೆ. ಅದರ ಅರ್ಥ ಇಷ್ಟೇ: ನೀನು ಹೇಳಿದ ದಾರಿಯಲ್ಲಿ ಯಾರೂ ಸಿಗಲಿಲ್ಲ. ಡಿಸ್ಕು ಸತ್ತಿದೆ ಅಂತಲ್ಲ. ಲೈಟು ಮಿಟುಕ್ತಾ ಇತ್ತು. 192.168.1.20ಕ್ಕೆ ಪಿಂಗ್ ಮಾಡು ಅಂದೆ. "ಉತ್ತರ ಬರ್ತಿದೆಯಲ್ಲೋ!" ಅಂದಳು.

ಇಲ್ಲೇ ಬಹಳ ಜನ ದಾರಿ ತಪ್ಪೋದು. ಪಿಂಗಿಗೆ ಉತ್ತರ ಬಂತು ಅಂದರೆ ಆ ವಿಳಾಸದಲ್ಲಿ ಯಾರೋ ಇದ್ದಾರೆ ಅಂತ ಮಾತ್ರ ಅರ್ಥ, ನಿಮ್ಮ ಪೆಟ್ಟಿಗೆಯೇ ಇದೆ ಅಂತಲ್ಲ. ಮುಂದಿನ ಪ್ರಶ್ನೆ, ಬಾಗಿಲು ತೆರೆದಿದೆಯಾ ಅನ್ನೋದು. ವಿಂಡೋಸ್ ಫೋಲ್ಡರ್ ಹಂಚಿಕೊಳ್ಳೋ ಎಸ್‌ಎಂಬಿಗೆ 445ನೇ ಪೋರ್ಟ್, ಲಿನಕ್ಸಿನವರು ಬಳಸೋ ಎನ್‌ಎಫ್‌ಎಸ್‌ಗೆ 2049. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಅಂತ ಒಂದು ಆಜ್ಞೆ ಇದೆ, ವಿಳಾಸ ಮತ್ತು ಪೋರ್ಟ್ ಕೊಟ್ಟರೆ ಬಾಗಿಲು ತೆಗೆಯಿತೋ ಇಲ್ಲವೋ ಹೇಳುತ್ತೆ. ಹೇಳಿಕೊಟ್ಟೆ. ತೆಗೀಲಿಲ್ಲ.

ರೌಟರಿನ ಪುಟ ತೆರೆದು, ಸೇರಿಕೊಂಡಿರೋ ಸಾಮಾನುಗಳ ಪಟ್ಟಿ ನೋಡು ಅಂದೆ. .20ರಲ್ಲಿ ಕೂತಿದ್ದು ಹಾಲಿನ ಟಿವಿ! ಪೆಟ್ಟಿಗೆ .7ಕ್ಕೆ ಹೋಗಿತ್ತು. ಆಗಿದ್ದೇನು ಅಂದರೆ, ಹಿಂದಿನ ವಾರ ನೆಟ್ ಕಂಪನಿಯವರು ಬಂದು ರೌಟರ್ ಬದಲಿಸಿದ್ದರು. ಪೆಟ್ಟಿಗೆಗೆ ಅಂತ ಕಾಯ್ದಿಟ್ಟಿದ್ದ ವಿಳಾಸ ಹಳೇ ರೌಟರ್ ಜೊತೆಗೇ ಹೋಯ್ತು. ಒಂದು ವಾರ ಏನೂ ತೊಂದರೆ ಕಾಣಲಿಲ್ಲ, ಯಾಕಂದ್ರೆ ಪೆಟ್ಟಿಗೆ ತನ್ನ ಹಳೇ ವಿಳಾಸವನ್ನೇ ಕೇಳಿ ಪಡೆದಿತ್ತು. ಶುಕ್ರವಾರ ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಟಿವಿ ಬೇಗ ಎದ್ದಿತು, ಪೆಟ್ಟಿಗೆ ಏಳೋಕೆ ಐದು ನಿಮಿಷ, ಅಷ್ಟರಲ್ಲಿ ಸೀಟು ಹೋಯ್ತು. ನಮ್ಮ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯೋ ಹಾಗೆ.

ಹೊಸ ವಿಳಾಸ ಹಾಕಿದ ಕೂಡಲೇ ಅಕ್ಕನ ಲ್ಯಾಪ್‌ಟಾಪಿನಲ್ಲಿ ಫೋಲ್ಡರ್ ತೆರೆಯಿತು. ಪಕ್ಕದಲ್ಲೇ ಭಾವನ ದನಿ: "ನಂದ್ರಲ್ಲಿ ಇನ್ನೂ ಇಲ್ಲಪ್ಪ." "ಭಾವ, ನೀವು ಆಫೀಸ್ ವಿಪಿಎನ್ ಹಾಕಿದ್ದೀರಾ?" ಹಾಕಿದ್ದರು. ಕಂಪನಿ ಲ್ಯಾಪ್‌ಟಾಪುಗಳಲ್ಲಿ ವಿಪಿಎನ್ ಹಾಕಿದ ಮೇಲೆ ಎಲ್ಲ ಮಾತೂ ಆಫೀಸಿನ ಸುರಂಗದೊಳಗೇ ಹೋಗಬೇಕು, ಮನೆಯ ನೆಟ್‌ವರ್ಕ್ ಮುಟ್ಟೋ ಹಾಗಿಲ್ಲ ಅಂತ ನಿಯಮ ಇರಬಹುದು. ಪೆಟ್ಟಿಗೆ ಪಕ್ಕದ ಕೋಣೆಯಲ್ಲೇ ಇದ್ದರೂ ನಿಮ್ಮ ಪ್ಯಾಕೆಟ್ಟು ಆಫೀಸಿನಲ್ಲಿ ಅದನ್ನ ಹುಡುಕ್ತಿರುತ್ತೆ. ನಮ್ಮ ಓದುಗರಲ್ಲಿ ಅರ್ಧ ಜನರ ಸಮಸ್ಯೆ ಇದೇ ಅಂತ ನನ್ನ ಲೆಕ್ಕ. ಇದಕ್ಕೆ ಉಪಾಯ ಅಂತ ಆಫೀಸ್ ನಿಯಮಕ್ಕೆ ಕನ್ನ ಹಾಕೋದು ಬೇಡ. ಸ್ವಂತ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ತೆಗೀರಿ.

ರಾತ್ರಿಯೇ ಚಿಕ್ಕಪ್ಪನಿಗೆ ಸ್ಕ್ಯಾನ್ ಹೋಯ್ತು. ಮಾರನೇ ದಿನ ಹೊಸ ರೌಟರಿನಲ್ಲಿ ಪೆಟ್ಟಿಗೆಗೆ .20 ಮತ್ತೆ ಕಾಯ್ದಿಟ್ಟೆವು, ರೌಟರಿಗೂ ಪೆಟ್ಟಿಗೆಗೂ ಸೇರಿಸಿ ಒಂದು ಸಣ್ಣ ಯುಪಿಎಸ್ ಬಂತು.

ವಿಳಾಸದ ಬಗ್ಗೆ ಇನ್ನೆರಡು ಮಾತು. ಪೆಟ್ಟಿಗೆಯಲ್ಲೋ ಲ್ಯಾಪ್‌ಟಾಪಿನಲ್ಲೋ 169.254ರಿಂದ ಶುರುವಾಗೋ ವಿಳಾಸ ಕಂಡರೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ, ತಾನೇ ಒಂದು ಹಾಕಿಕೊಂಡಿದೆ ಅಂತ ಅರ್ಥ. ಇನ್ನೊಂದು, ಗೆಸ್ಟ್ ವೈಫೈ. ಅತಿಥಿಗಳಿಗೆ ಅಂತ ಮಾಡಿದ ವೈಫೈನಲ್ಲಿ ಸಾಮಾನ್ಯವಾಗಿ ಇಂಟರ್ನೆಟ್ ಬರುತ್ತೆ, ಮನೆಯ ಬೇರೆ ಯಂತ್ರಗಳು ಕಾಣಲ್ಲ. ಫೋನು ಎಂದೋ ಒಮ್ಮೆ ಅದಕ್ಕೆ ಸೇರಿಕೊಂಡು ಅಲ್ಲೇ ಉಳಿದುಬಿಟ್ಟಿರುತ್ತೆ.

ವಿಂಡೋಸಿನ ನೆಟ್‌ವರ್ಕ್ ಪಟ್ಟಿಯಲ್ಲಿ ಪೆಟ್ಟಿಗೆಯ ಹೆಸರು ಕಾಣ್ತಿಲ್ಲ ಅನ್ನೋದನ್ನ ತಲೆಗೆ ಹಚ್ಚಿಕೊಳ್ಳಬೇಡಿ. ಆ ಪಟ್ಟಿ ಹಿಂದೆ ನಿಂತಿದ್ದು ಎಸ್‌ಎಂಬಿಯ ಮೊದಲನೇ ಆವೃತ್ತಿಯ ಮೇಲೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಹಬ್ಬಿದ್ದು ಅದೇ ಆವೃತ್ತಿಯ ತೂತಿನಿಂದ. ಆ ವರ್ಷದ ಕೊನೆಯಿಂದ ವಿಂಡೋಸ್ 10 ಅದನ್ನ ಹಂತಹಂತವಾಗಿ ತೆಗೀತಾ ಬಂತು. ಪಟ್ಟಿಯಲ್ಲಿ ಕಾಣದಿದ್ದರೂ ವಿಳಾಸ ಟೈಪ್ ಮಾಡಿದರೆ ಫೋಲ್ಡರ್ ತೆರೆಯುತ್ತೆ. ತುಂಬ ಹಳೇ ಪೆಟ್ಟಿಗೆ, ಆ ಮೊದಲ ಆವೃತ್ತಿ ಬಿಟ್ಟರೆ ಬೇರೆ ಗೊತ್ತಿಲ್ಲ ಅಂದರೆ, ಲ್ಯಾಪ್‌ಟಾಪಿನಲ್ಲಿ ಹಳೇ ತೂತನ್ನ ಮತ್ತೆ ತೆರೆಯೋದಕ್ಕಿಂತ ಪೆಟ್ಟಿಗೆ ಬದಲಿಸೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಬಾಗಿಲವರೆಗೆ ಬಂದಮೇಲೆ ಬೀಗ. ವಿಂಡೋಸ್ 11ರ 24ಎಚ್2 ಬಂದ ಮೇಲೆ "ನಿನ್ನೆವರೆಗೂ ಬರ್ತಿತ್ತು" ಅನ್ನೋ ದೂರು ಜಾಸ್ತಿ. ಪ್ರೊ ಮತ್ತು ಎಂಟರ್‌ಪ್ರೈಸ್ ಆವೃತ್ತಿಗಳಲ್ಲಿ ಎರಡು ವಿಷಯ ಬಿಗಿಯಾಯ್ತು: ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಬಂದ್, ಮತ್ತು ಪ್ರತಿ ಮಾತಿಗೂ ಸಹಿ ಬೇಕು. ಪೆಟ್ಟಿಗೆಯಲ್ಲಿ ಮನೆಯ ಒಬ್ಬೊಬ್ಬರಿಗೂ ಹೆಸರು, ಪಾಸ್‌ವರ್ಡ್ ಮಾಡಿ. ಸಹಿ ಮಾಡೋ ಆಯ್ಕೆಯನ್ನ ಆನ್ ಮಾಡಿ. ಲ್ಯಾಪ್‌ಟಾಪಿನಲ್ಲಿ ಸಹಿ ಬೇಡ ಅಂತ ಬದಲಿಸೋ ವಿಧಾನ ಯೂಟ್ಯೂಬಿನಲ್ಲಿ ಸಿಗುತ್ತೆ, ನಾನಂತೂ ಹೇಳಿಕೊಡಲ್ಲ.

1219 ಅನ್ನೋ ತಪ್ಪು ಬಂದರೆ ಗಾಬರಿ ಬೇಡ. ಒಂದೇ ಪೆಟ್ಟಿಗೆಗೆ ಎರಡು ಹೆಸರಿನಿಂದ ಒಟ್ಟಿಗೆ ಒಳಹೋಗೋಕೆ ವಿಂಡೋಸ್ ಬಿಡಲ್ಲ. ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಹಳೇ ಹೆಸರು ಅಳಿಸಿ, ಒಮ್ಮೆ ಸೈನ್‌ಔಟ್ ಆಗಿ ಬನ್ನಿ.

ಇದಕ್ಕಿಂತ ತಲೆತಿನ್ನೋದು ತಾನಾಗಿ ಬ್ಲಾಕ್ ಆಗೋದು. ಪಾಸ್‌ವರ್ಡ್ ಬದಲಿಸಿದ್ದೀರಿ, ಅಮ್ಮನ ಫೋನಿನಲ್ಲಿ ಫೋಟೋ ಕಳಿಸೋ ಆ್ಯಪು ಹಳೇದನ್ನೇ ಮತ್ತೆ ಮತ್ತೆ ಹೇಳ್ತಿದೆ. ಪೆಟ್ಟಿಗೆ ಯಾರೋ ಕಳ್ಳ ಅಂದುಕೊಂಡು ಆ ವಿಳಾಸವನ್ನ ಹೊರಗಿಡುತ್ತೆ. ಮನೆಯೊಳಗೆ ಆದರೆ ಒಂದು ಫೋನು ಮಾತ್ರ. ಹೊರಗಿನಿಂದ ಬಂದಾಗ ಮನೆಯವರೆಲ್ಲ ಒಂದೇ ವಿಳಾಸದವರಾಗಿ ಕಾಣ್ತಾರೆ, ಹಾಗಾಗಿ ಎಲ್ಲರಿಗೂ ಬಾಗಿಲು ಬಂದ್. ಒಬ್ಬರಿಗೆ ಸಿಗುತ್ತೆ, ಇನ್ನೊಬ್ಬರಿಗೆ ಸಿಗಲ್ಲ ಅನ್ನೋ ವಿಚಿತ್ರ ಇದ್ದರೆ ಮೊದಲು ಆ ಬ್ಲಾಕ್ ಪಟ್ಟಿ ನೋಡಿ. ಹಾಗೇ ಪೆಟ್ಟಿಗೆಯ ಗಡಿಯಾರವನ್ನೂ. ಬಹಳ ದಿನ ಕರೆಂಟಿಲ್ಲದೆ ಇದ್ದ ಪೆಟ್ಟಿಗೆಯ ಟೈಮು ಹಿಂದೆ ಬಿದ್ದಿದ್ದರೆ, 30 ಸೆಕೆಂಡಿಗೊಮ್ಮೆ ಬದಲಾಗೋ ಆರಂಕಿ ಕೋಡು ಸರಿಯಾಗಿ ಹಾಕಿದರೂ ತಪ್ಪು ಅನ್ನುತ್ತೆ.

ಇನ್ನು ದೂರದ ಕಥೆ. 2024ರ ಸೆಪ್ಟೆಂಬರ್ 1ಕ್ಕೆ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರದ ಕಡೆ ಮನೆಗಳಿಗೆ ನೀರು ನುಗ್ಗಿತಲ್ಲ, ಅಕ್ಕನ ಮನೆ ಎರಡನೇ ಮಹಡಿ, ಪೆಟ್ಟಿಗೆ ಉಳೀತು. ಆದರೆ ಕೆಳಮನೆಯವರ ಕಂಪ್ಯೂಟರ್ ಕೆಸರಿನಲ್ಲಿ ಬಿದ್ದಿದ್ದನ್ನ ಅವಳು ನೋಡಿದ್ದಳು. ವೈಜಾಗಿನವರಿಗೆ 2014ರ ಅಕ್ಟೋಬರ್ 12ರ ಹುದ್‌ಹುದ್ ನೆನಪಿದೆ. ಎರಡೂರಿಗೂ ಅಪಾಯ ಇದೆ, ಒಂದೇ ದಿನ ಬರೋದು ಅಪರೂಪ. ಹಾಗಾಗಿ ನಮ್ಮ ಮನೆಯಲ್ಲೂ ಒಂದು ಪೆಟ್ಟಿಗೆ ಇಟ್ಟು, ಅವಳದ್ದರ ನಕಲು ಇಲ್ಲಿ, ನಮ್ಮದರ ನಕಲು ಅಲ್ಲಿ ಅಂತ ಮಾಡಿಕೊಂಡೆವು.

ಇಲ್ಲಿ ಮೊದಲು ಎದುರಾಗೋದು ಸಿಜಿನ್ಯಾಟ್. ಐಪಿವಿ4 ವಿಳಾಸಗಳು ಮುಗಿದುಹೋಗಿವೆ. ನಮ್ಮ ಏಷ್ಯಾ ಭಾಗದ ದಾಸ್ತಾನು 2011ರ ಏಪ್ರಿಲ್‌ನಲ್ಲೇ ತಳ ಕಂಡಿತು. ಅದಕ್ಕೆ ನೆಟ್ ಕಂಪನಿಗಳು ನೂರಾರು ಮನೆಗಳಿಗೆ ಒಂದೇ ಹೊರವಿಳಾಸ ಕೊಡ್ತವೆ. ಅಪಾರ್ಟ್‌ಮೆಂಟಿಗೆಲ್ಲ ಒಂದೇ ಅಂಚೆಪೆಟ್ಟಿಗೆ ಇದ್ದು, ಫ್ಲಾಟ್ ನಂಬರ್ ಬರೆಯೋಕೆ ಜಾಗವೇ ಇಲ್ಲದ ಹಾಗೆ. ನೀವು ಹೊರಗೆ ಹೋಗಬಹುದು, ಹೊರಗಿನವರು ನಿಮ್ಮನ್ನ ಹುಡುಕಿ ಬರೋಕಾಗಲ್ಲ. ಪರೀಕ್ಷೆ ಸುಲಭ: ರೌಟರಿನ ಪುಟದಲ್ಲಿ ಕಾಣೋ ಹೊರವಿಳಾಸ, ಗೂಗಲ್ಲಿನಲ್ಲಿ ನನ್ನ ಐಪಿ ಯಾವುದು ಅಂತ ಕೇಳಿದಾಗ ಸಿಗೋ ವಿಳಾಸ, ಎರಡೂ ಒಂದೇನಾ? ಬೇರೆ ಇದ್ದರೆ, ಅದರಲ್ಲೂ ರೌಟರಿನದು 100.64ರಿಂದ 100.127ರೊಳಗೆ ಇದ್ದರೆ, ಸಿಜಿನ್ಯಾಟೇ. ಆಗ ರೌಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ವ್ಯರ್ಥ. ಕಸ್ಟಮರ್ ಕೇರಿಗೆ ಫೋನ್ ಮಾಡಿ "ಪಬ್ಲಿಕ್ ಐಪಿ ಕಾವಾಲಂಡಿ" ಅಂತ ಕೇಳಿ. ಕೆಲವರು ತಿಂಗಳಿಗಿಷ್ಟು ಅಂತ ಹಣ ತಗೊಂಡು ಕೊಡ್ತಾರೆ. ಇಲ್ಲವೇ ಎರಡೂ ಕಡೆಯಿಂದ ಹೊರಗೆ ಹೋಗಿ ನಡುವೆ ಭೇಟಿಯಾಗೋ ಟೈಲ್‌ಸ್ಕೇಲ್‌ನಂಥ ವಿಪಿಎನ್ ಹಾಕಿ.

ಪಬ್ಲಿಕ್ ಐಪಿ ಸಿಕ್ಕಿತು ಅಂತ ಪೆಟ್ಟಿಗೆಯ ಬಾಗಿಲನ್ನ ನೇರವಾಗಿ ಬೀದಿಗೆ ತೆರೆಯಬೇಡಿ. 2021ರ ಜೂನ್‌ನಲ್ಲಿ ಮೈ ಬುಕ್ ಲೈವ್ ಪೆಟ್ಟಿಗೆಗಳನ್ನ ಯಾರೋ ದೂರದಿಂದಲೇ ಅಳಿಸಿಹಾಕಿದರು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನೋ ಕುತಂತ್ರಾಂಶ ಇಂಟರ್ನೆಟ್ಟಿಗೆ ತೆರೆದಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಬೀಗ ಹಾಕಿ 0.03 ಬಿಟ್‌ಕಾಯಿನ್ ಕೇಳ್ತು. ಹೊರಗಿನಿಂದ ಬರೋರು ವಿಪಿಎನ್ ದಾಟಿಯೇ ಬರಲಿ.

ವಿಪಿಎನ್ ಹಾಕಿದರೂ ಸಿಗದಿದ್ದರೆ ಎರಡೂ ಮನೆಯ ರೌಟರ್ ನೋಡಿ. ಎರಡರಲ್ಲೂ 192.168.1 ಇದ್ದರೆ, ವೈಜಾಗಿನ ನನ್ನ ಲ್ಯಾಪ್‌ಟಾಪಿಗೆ 192.168.1.20 ಅಂದರೆ ನಮ್ಮ ಮನೆಯದ್ದೇ, ಅಕ್ಕನದ್ದು ಅಂತ ಹೊಳೆಯೋದೇ ಇಲ್ಲ. ಅದಕ್ಕೇ ನಮ್ಮ ಮನೆಯದನ್ನ 192.168.50 ಅಂತ ಮಾಡಿದ್ದೀನಿ.

ಇನ್ನೂ ಒಂದು ವಿಚಿತ್ರ ಇದೆ. ಲಾಗಿನ್ ಆಗುತ್ತೆ, ಫೋಲ್ಡರ್ ಹೆಸರು ಕಾಣುತ್ತೆ, ದೊಡ್ಡ ಫೈಲ್ ತೆಗೆದರೆ ಅಲ್ಲೇ ನಿಂತುಬಿಡುತ್ತೆ. ಇದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗಾತ್ರದ ಮಿತಿ. ಸಾಮಾನ್ಯವಾಗಿ 1500 ಬೈಟು, ಕೆಲವು ಫೈಬರ್ ಸಂಪರ್ಕದ ಪಿಪಿಪಿಒಇಯಲ್ಲಿ 1492, ವೈರ್‌ಗಾರ್ಡ್ ಸುರಂಗದಲ್ಲಿ 1420. ಚಿಕ್ಕ ಮಾತು ದಾಟುತ್ತೆ, ದೊಡ್ಡ ಮೂಟೆ ಸಿಕ್ಕಿಹಾಕಿಕೊಳ್ಳುತ್ತೆ. ತುಂಡು ಮಾಡಬೇಡ ಅಂತ ಹೇಳಿ ಪಿಂಗ್ ಕಳಿಸಿ, ಗಾತ್ರ ಇಳಿಸ್ತಾ ಬನ್ನಿ. ದಾಟಿದ ದೊಡ್ಡ ಸಂಖ್ಯೆಗೆ 28 ಕೂಡಿಸಿದರೆ ನಿಮ್ಮ ಎಂಟಿಯು. ನನಗೆ 1392 ದಾಟಿತು, 1393 ದಾಟಲಿಲ್ಲ. ಹೀಗೆ ಬಂದ ಸಂಖ್ಯೆಯನ್ನೇ ಎರಡೂ ತುದಿಯ ವಿಪಿಎನ್ನಿನಲ್ಲಿ ಬರೆದರೆ ಆಯ್ತು.

ಕೊನೆಗೆ, ಎಲ್ಲ ಸರಿಯಿದ್ದೂ "ನಕಲು ಮುಗೀತಿಲ್ಲ" ಅನ್ನೋರು ಅಪ್‌ಲೋಡ್ ವೇಗ ನೋಡಿಕೊಳ್ಳಿ. 2 ಟಿಬಿಯನ್ನ 40 ಮೆಗಾಬಿಟ್ಟಿನಲ್ಲಿ ಕಳಿಸೋಕೆ ಎಡೆಬಿಡದೆ ನಾಲ್ಕೂವರೆ ದಿನ ದಾಟುತ್ತೆ, ನಡುವೆ ಒಮ್ಮೆ ಕರೆಂಟ್ ಹೋದರೆ ಇನ್ನೂ ಜಾಸ್ತಿ. ನಾವು ಮೊದಲ ನಕಲನ್ನ ಒಂದು ಪೋರ್ಟಬಲ್ ಡಿಸ್ಕಿಗೆ ಹಾಕಿ ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ತಗೊಂಡುಹೋದೆವು, ಮಧ್ಯಾಹ್ನ ಹತ್ತಿದರೆ ಸಂಜೆಗೆ ವಿಜಯವಾಡ. ಈಗ ರಾತ್ರಿ ಎರಡು ಗಂಟೆಗೆ ಆ ದಿನದ ಬದಲಾವಣೆ ಮಾತ್ರ ಓಡುತ್ತೆ, ಮತ್ತೆ ತಿಂಗಳಿಗೊಮ್ಮೆ ಅಕ್ಕ ಇಲ್ಲಿನ ಪೆಟ್ಟಿಗೆಯಿಂದ ಪಾಲುಪಟ್ಟಿಯ ಆ ಸ್ಕ್ಯಾನನ್ನೇ ತೆರೆದು ನೋಡಿ "ಬಂತು" ಅಂತ ಮೆಸೇಜ್ ಹಾಕ್ತಾಳೆ.