ಹಸುಗೂಸಿನ ಬುದ್ಧಿಗೆ ಬೇಕು ಅಯೋಡಿನ್

ಕಡಲಂಚಿನಲ್ಲಿರುವ ನಮಗೂ ಅಯೋಡಿನ್ ಕೊರತೆಯೇ ಎಂದು ಕಾಸರಕೋಡದ ತಾಯಂದಿರು ಕೇಳಬಹುದು. ಸಮುದ್ರದ ಮೀನಿನಲ್ಲಿ ಅಯೋಡಿನ್ ಇದೆ, ನಿಜ. ಆದರೆ ಕುಮಟಾ ತಾಲೂಕಿನ ಸಾಣಿಕಟ್ಟಾದಂಥ ಆಗರಗಳ ಹರಳುಪ್ಪಿನಲ್ಲಿ, ಬೇರೆಯಾಗಿ ಸೇರಿಸದಿದ್ದರೆ, ಅದು ತೀರಾ ಅಲ್ಪ.

ಈ ಖನಿಜವಿಲ್ಲದೆ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಥೈರಾಕ್ಸಿನ್ ಹಾರ್ಮೋನು ತಯಾರಿಸಲಾರದು. ಆ ಹಾರ್ಮೋನು ಸಾಲದಿದ್ದರೆ ಶಿಶುವಿನ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಗರ್ಭಿಣಿಗೂ ಬಾಣಂತಿಗೂ ದಿನಕ್ಕೆ ಸುಮಾರು 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಕೆಲವು ಶಿಶುಗಳಲ್ಲಿ ಹುಟ್ಟಿನಿಂದಲೇ ಈ ಗ್ರಂಥಿ ಸರಿಯಿರುವುದಿಲ್ಲ. ಇದಕ್ಕೆ ಉಪ್ಪು ಪರಿಹಾರವಲ್ಲ. ಅತಿಯಾದ ನಿದ್ದೆ, ಮಲಬದ್ಧತೆ, ಬೇಗ ಇಳಿಯದ ಕಾಮಾಲೆ ಕಾಣಿಸಿಕೊಳ್ಳಲೆಂದು ಕಾಯಬೇಡಿ. ಹುಟ್ಟಿ 48 ಗಂಟೆ ಕಳೆದ ಮೇಲೆ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಪರೀಕ್ಷಿಸುವಂತೆ ವೈದ್ಯರನ್ನು ಕೇಳಿ. ದೋಷ ಕಂಡುಬಂದು ಎರಡು ವಾರದೊಳಗೆ ಔಷಧಿ ಆರಂಭಿಸಿದರೆ ಮಗು ಸಾಮಾನ್ಯವಾಗಿ ಎಲ್ಲ ಮಕ್ಕಳಂತೆಯೇ ಬೆಳೆಯುತ್ತದೆ.