ಭಂಗಾರಕ್ಕೆ ಹೊರಟ ಬಂಗಾರದ ತಟ್ಟೆಗಳು

ಅಕ್ಕಲಕೋಟ: ಮರಾಠಿಯಲ್ಲಿ ‘ಭಂಗಾರ’ ಅಂದರೆ ಗುಜರಿ. ಕನ್ನಡದಲ್ಲಿ ‘ಬಂಗಾರ’ ಅಂದರೆ ಚಿನ್ನ. ಗಡಿಭಾಗದ ಮನೆಗಳ ಅಟ್ಟದ ಮೇಲೆ ಕೂತಿರುವ ಹಳೆಯ ಗ್ರಾಮಫೋನ್ ತಟ್ಟೆಗಳ ಹಣೆಬರಹ ಈ ಎರಡು ಶಬ್ದಗಳ ನಡುವೆ ಸಿಕ್ಕುಬಿದ್ದಿದೆ. ದೀಪಾವಳಿ ಮುಂದೆ ಮನೆ ಸ್ವಚ್ಛ ಮಾಡುವಾಗ ಕನ್ನಡ ಕವರಿನ ತಟ್ಟೆಗಳೇ ಮೊದಲು ರದ್ದಿ ಚೀಲ ಸೇರುತ್ತವೆ. ಕಾರಣ ದೊಡ್ಡದೇನಲ್ಲ. ಮರಾಠಿ ಶಾಲೆಗೆ ಹೋದ ಮಕ್ಕಳಿಗೆ ಅದರ ಮೇಲೆ ಏನು ಬರೆದಿದೆ ಅಂತ ಓದಲಿಕ್ಕೆ ಬರುವುದಿಲ್ಲ.

ನಮ್ಮ ಕಾಕಾನ ಟ್ರಂಕಿನಲ್ಲಿ 1972ರ ‘ಬಂಗಾರದ ಮನುಷ್ಯ’ ಇತ್ತು, 1973ರ ‘ಗಂಧದ ಗುಡಿ’ ಇತ್ತು. ಒಂದಕ್ಕೆ ಜಿ.ಕೆ. ವೆಂಕಟೇಶರ ಸಂಗೀತ, ಇನ್ನೊಂದಕ್ಕೆ ರಾಜನ್-ನಾಗೇಂದ್ರರದು. ಎಚ್‌ಎಂವಿ ಲೇಬಲ್ ಮೇಲೆ ಕಲಕತ್ತಾದ ‘ದಮ್‌ದಮ್’ ಕಾರ್ಖಾನೆಯ ಹೆಸರು ಓದಿ, ಇದು ಡೊಳ್ಳಿನ ಸದ್ದೇನೋ ಅಂತ ಹುಡುಗರು ನಗುತ್ತಿದ್ದೆವು. ಆದರೆ ನಮಗೆ ಬೇಕಾಗಿದ್ದದ್ದು ಹಾಡಲ್ಲ, ‘ಶೋಲೆ’ಯ ಡೈಲಾಗ್ ತಟ್ಟೆ! ಪಾಲಿಡಾರ್ ಕಂಪನಿ ತಂದಿದ್ದು. ಕಣ್ಣು ಮುಚ್ಚಿ ಕುಳಿತರೆ ಕುದುರೆ ಓಡತಿದ್ದವು, ಬಂದೂಕು ಸಿಡೀತಿದ್ದವು. ‘ಆ ಗುಡ್ಡ ನಮ್ಮ ಕರ್ನಾಟಕದ ರಾಮನಗರದ್ದು ನೋಡ್ರಿ’ ಅಂತ ಕಾಕಾ ಪ್ರತಿ ಸಲ ಹೇಳುತ್ತಿದ್ದ. ತಟ್ಟೆಯೊಳಗೆ ಗುಡ್ಡ ಹೆಂಗ ಕಾಣಬೇಕು?

ವಿಜ್ಞಾನದ ಕಥೆಗಳ ಹುಚ್ಚೂ ಆಗಲೇ ಹತ್ತಿತ್ತು. ರಾಜಕುಮಾರರ ‘ಜೇಡರ ಬಲೆ’ (1968) ಲೋಹವನ್ನು ಚಿನ್ನ ಮಾಡುವ ಸೂತ್ರದ ಸುತ್ತ ಓಡುವ ಸಿನಿಮಾ. ಜಯಂತ ನಾರಳೀಕರರನ್ನು ಮರಾಠಿಯಲ್ಲಿ, ರಾಜಶೇಖರ ಭೂಸನೂರಮಠರನ್ನು ಕನ್ನಡದಲ್ಲಿ ಓದಿದ ಗಡಿಯ ಹುಡುಗರಿಗೆ ನಕ್ಷತ್ರಗಳು ದೂರದವು ಅನ್ನಿಸುತ್ತಿರಲಿಲ್ಲ.

ಆದರೆ ಎಲ್ಲ ಕಥೆಗಳನ್ನೂ ಮೀರಿಸುವ ಒಂದು ತಟ್ಟೆ ನಿಜವಾಗಿಯೂ ಇದೆ. 1977ರಲ್ಲಿ ಅಮೆರಿಕದ ನಾಸಾ ಸಂಸ್ಥೆ ವಾಯೇಜರ್ ಹೆಸರಿನ ಎರಡು ನೌಕೆಗಳನ್ನು ಹಾರಿಸಿತು. ಎರಡರಲ್ಲೂ ಚಿನ್ನದ ಲೇಪದ, 12 ಇಂಚಿನ ತಾಮ್ರದ ತಟ್ಟೆ. ಹೆಚ್ಚು ಧ್ವನಿ ಹಿಡಿಯಲಿ ಅಂತ ಎಲ್‌ಪಿಯ ಅರ್ಧ ವೇಗದಲ್ಲಿ ತಿರುಗುವ ಹಾಗೆ ಮಾಡಿದ್ದಾರೆ. ಮುಂದೆಂದೋ ಯಾರಿಗಾದರೂ ಸಿಕ್ಕರೆ ಕೇಳಲೆಂದು 55 ಭಾಷೆಗಳಲ್ಲಿ ಶುಭಾಶಯಗಳಿವೆ. ಅದರಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಕನ್ನಡದ ಶುಭಾಶಯ ಕನ್ನಡಿಗರ ಪರವಾಗಿ, ಮರಾಠಿಯದು ಪೃಥ್ವಿಯ ಜನರ ಪರವಾಗಿ. ಅಲ್ಲಿ ಗಡಿ ತಂಟೆ ಏನೂ ಇಲ್ಲ. ಒಂದೇ ತಟ್ಟೆಯ ಗೆರೆಯಲ್ಲಿ ಇಬ್ಬರೂ ಕೂತಿದ್ದಾರೆ.

ಸಂಗೀತದ ಭಾಗದಲ್ಲಿ ಕೇಸರಬಾಯಿ ಕೇರಕರ್ ಅವರ ಭೈರವಿ ಇದೆ, ಮೂರೂವರೆ ನಿಮಿಷದ್ದು. ಗೋವಾದ ಕೇರಿ ಊರಿನವರು, ಕೊಲ್ಲಾಪುರ ದರಬಾರಿನ ಅಲ್ಲಾದಿಯಾ ಖಾನರ ಶಿಷ್ಯೆ. ಅದೇ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಹತ್ತಿರ ಕಲಿತವರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು. ವಾಯೇಜರ್-1 ಹಾರಿದ್ದು ಸಪ್ಟೆಂಬರ್ 5ಕ್ಕೆ, ಕೇಸರಬಾಯಿ ತೀರಿಕೊಂಡಿದ್ದು ಅದೇ ತಿಂಗಳ 16ಕ್ಕೆ. ಅವರ ದನಿ ಈಗ 2,400 ಕೋಟಿ ಕಿಲೋಮೀಟರ್ ದಾಟಿ ಹೋಗಿದೆ. 2017ರಲ್ಲಿ, 40 ವರ್ಷದ ನೆನಪಿಗೆ, ಅದೇ ಧ್ವನಿಗಳನ್ನು ಮಾಮೂಲಿ ಎಲ್‌ಪಿಗಳ ಪೆಟ್ಟಿಗೆಯಾಗಿ ಅಮೆರಿಕದಲ್ಲಿ ಹೊರತಂದರು. ತಟ್ಟೆ ಕೂಡಿಸುವ ಶೋಕಿಯವರಿಗೆ ಅದೊಂದು ಹಬ್ಬವೇ.

ನಾಸಾದವರು ಜಾಣರು. ತಟ್ಟೆಯ ಜೊತೆ ಬಾರಿಸುವ ಮುಳ್ಳನ್ನೂ ಇಟ್ಟಿದ್ದಾರೆ, ಬಾರಿಸುವ ರೀತಿಯ ಚಿತ್ರವನ್ನೂ ಕೆತ್ತಿದ್ದಾರೆ. ನಮ್ಮ ಮನೆಗಳಲ್ಲಿ ತಟ್ಟೆ ಇದೆ, ಮುಳ್ಳಿಲ್ಲ. ಮುಳ್ಳಿಲ್ಲದಿದ್ದರೂ ತಟ್ಟೆ ಉಳಿಸಬಹುದು. ಸೊಲ್ಲಾಪುರದ ಬಿಸಿಲಿಗೆ ಪತ್ರಾಸಿನ ಕೆಳಗಿನ ಅಟ್ಟದಲ್ಲಿ ಎಲ್‌ಪಿ ಹಪ್ಪಳದ ಹಾಗೆ ಸೊಟ್ಟಾಗುತ್ತದೆ. ಒಂದರ ಮೇಲೊಂದು ಹೇರದೆ, ನೆರಳಿನ ಗೋಡೆಗೆ ಪುಸ್ತಕದ ಹಾಗೆ ನೇರವಾಗಿ ನಿಲ್ಲಿಸಬೇಕು. ಅಜ್ಜನ ಕಾಲದ 78ರ ತಟ್ಟೆ ಅರಗಿನದು, ಕೈಜಾರಿದರೆ ಚೂರುಚೂರು. ಅದಕ್ಕೆ ಹಾಕುತ್ತಿದ್ದ ಉಕ್ಕಿನ ಮುಳ್ಳನ್ನು ಎಲ್‌ಪಿಗೆ ಹಾಕಿದರೆ ಗೆರೆಗಳೇ ಕಿತ್ತು ಬರುತ್ತವೆ.

ಇನ್ನೊಂದು ಕೆಲಸ ಕಾಸಿನ ಖರ್ಚಿಲ್ಲದ್ದು. ಪ್ರತಿ ಕವರಿನ ಮೂಲೆಗೆ ಸಿನಿಮಾ, ಹಾಡಿನವರ ಹೆಸರು, ತಂದವರು ಯಾರು ಅಂತ ಒಂದು ಚೀಟಿ ಹಚ್ಚಬೇಕು, ಕನ್ನಡದ ಕೆಳಗೆ ದೇವನಾಗರಿಯಲ್ಲೂ. ಅಜ್ಜ-ಅಜ್ಜಿಯನ್ನು ಕೇಳಿದರೆ ಸಾಕು, ಯಾವ ತಟ್ಟೆ ಯಾರ ಲಗ್ನದಾಗ ಬಂದಿತ್ತು ಅನ್ನೋದು ಸುದ್ದಾ ಹೇಳತಾರ.