ಗೆಳತಿಯರ ಅಗಲಿಕೆ: ಗರತಿಯ ಹಾಡು ಮತ್ತು ಜಪಾನಿನ ಚಿತ್ರಕಥೆ

ಇಬ್ಬರು ಶಾಲಾಬಾಲಿಕೆಯರ ಪ್ರೇಮವನ್ನು ವಸ್ತುವಾಗಿ ಉಳ್ಳ ಲಘುಪ್ರಸನ್ನ ಕಥೆಗಳು ಜಪಾನಿನ 'ಮಾಂಗಾ' ಎಂಬ ಚಿತ್ರಕಥಾ ಪ್ರಕಾರದಲ್ಲಿ ಇಂದು ವಿಪುಲವಾಗಿವೆ. ಅವುಗಳಿಗೆ ಅಲ್ಲಿ 'ಯೂರಿ', ಎಂದರೆ ಲಿಲ್ಲಿ ಹೂ, ಎಂಬ ಹೆಸರು ರೂಢವಾಗಿದೆ. ಇವನ್ನು ಹೊತ್ತುಗಳೆಯುವ ಸಾಮಗ್ರಿಯೆಂದು ಬದಿಗೊತ್ತುವುದು ಸುಲಭ. ಆದರೆ ಈ ಲಘುತ್ವವು ಎಲ್ಲಿಂದ ಬಂದಿತೆಂದು ವಿಚಾರಿಸಹೊರಟರೆ, ವಿಷಯವು ನಮ್ಮನ್ನು ವಿಜಯಪುರ ಜಿಲ್ಲೆಯ ಹೆಣ್ಣುಮಕ್ಕಳ ಹಾಡಿನವರೆಗೂ ಕರೆತರುತ್ತದೆ.

ಮೊದಲು ನಮ್ಮ ನೆಲದ ಮಾತು. ಅಂದು ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿದ ತ್ರಿಪದಿಗಳು 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಿಂದ ಪ್ರಕಟವಾದವು. ಈ ಪರಂಪರೆಯಲ್ಲಿ ತಾಯಿ, ಅಣ್ಣ, ತವರುಗಳೊಡನೆ ಗೆಳತಿಗೂ ಸ್ಥಾನವುಂಟು. ಬೀಸುವ ಕಲ್ಲಿನ ಮುಂದೆ ಇಬ್ಬರು ಎದುರುಬದುರಾಗಿ ಕುಳಿತು, ಒಂದೇ ಗೂಟಕ್ಕೆ ಕೈಯಿಟ್ಟು, ಒಬ್ಬರ ದನಿಗೆ ಮತ್ತೊಬ್ಬರು ದನಿಗೂಡಿಸುವುದು ವಾಡಿಕೆಯಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಗೌರಿ ಹುಣ್ಣಿಮೆಗೆ ಹುಡುಗಿಯರು ಸಕ್ಕರೆಯ ಆರತಿ ಹಿಡಿದು ಕೂಡಿ ಹೋಗುವರು. ನಾಗರಪಂಚಮಿಗೆ ಜೋಡಿಯಾಗಿ ಜೋಕಾಲಿ ಜೀಕುವರು. ಗೆಳತಿಯರ ಸಖ್ಯಕ್ಕೆ ಊರೇ ಒಪ್ಪಿ ಕೊಟ್ಟ ಎಡೆಗಳಿವು.

ಆದರೆ ಈ ಸಖ್ಯಕ್ಕೆ ಒಂದು ಗಡುವಿತ್ತು. 1929ರ ಶಾರದಾ ಕಾಯಿದೆಯು ಹೆಣ್ಣಿನ ಮದುವೆಯ ಕನಿಷ್ಠ ವಯಸ್ಸನ್ನು 14 ಎಂದು ಗೊತ್ತುಪಡಿಸಿತು. ಅದು 18ಕ್ಕೆ ಏರಿದುದು 1978ರಲ್ಲಿ. ಗೆಳತಿಯರಲ್ಲಿ ಒಬ್ಬಳು ಗಂಡನ ಮನೆಗೆ ನಡೆದಳೆಂದರೆ, ಮುಂದಿನ ಭೇಟಿ ಪಂಚಮಿಗೆ ತವರಿನ ಕರೆ ಬಂದಾಗ. ಇವರನ್ನು ಇಂದಿನ ಅರ್ಥದಲ್ಲಿ ಪ್ರಣಯಿಗಳೆಂದು ಕರೆಯುವುದು ಅವಸರದ ಮಾತಾದೀತು. ಆ ಪ್ರೀತಿ ಎಂತಹುದೇ ಆಗಿದ್ದಿರಲಿ, ಅದು ಜೊತೆಯಾಗಿ ಮುಂದುವರಿಯುವ ದಾರಿ ಇರಲಿಲ್ಲವೆಂಬಷ್ಟು ಸ್ಪಷ್ಟ.

ಜಪಾನಿನಲ್ಲಿಯೂ ಆರಂಭವು ಇದಕ್ಕೆ ದೂರವಾದುದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಾಲಿಕೆಯರ ಪ್ರೌಢಶಾಲೆಗಳು ಹೆಚ್ಚಿದಂತೆ, ವಿದ್ಯಾರ್ಥಿನಿಯರ ಉತ್ಕಟ ಸ್ನೇಹವನ್ನು 'ಎಸ್' ಎಂಬ ಒಂದಕ್ಷರದಿಂದ ಸೂಚಿಸತೊಡಗಿದರು. ಸೋದರಿ ಎಂಬರ್ಥದ ಇಂಗ್ಲಿಷ್ ಶಬ್ದದ ಮೊದಲಕ್ಷರವದು. ಯೋಶಿಯಾ ನೊಬುಕೊ ಎಂಬ ಲೇಖಕಿ 1916ರಿಂದ ಬರೆದ 'ಹಾನಾ ಮೊನೊಗಾತಾರಿ', ಎಂದರೆ ಹೂವಿನ ಕಥೆಗಳು, ಈ ಸ್ನೇಹಕ್ಕೆ ಸಾಹಿತ್ಯರೂಪವನ್ನಿತ್ತವು. ಶಾಲೆ ಮುಗಿದು ಮದುವೆಯಾದೊಡನೆ ಇದೂ ಮುಗಿಯುವುದೆಂಬ ನಂಬಿಕೆಯಿಂದ ಹಿರಿಯರು ಇದನ್ನು ಸಹಿಸಿದರು. ಆದುದರಿಂದಲೇ ಅಂತಹ ಕಥೆಗಳಲ್ಲಿ ಕಣ್ಣೀರು ಹೆಚ್ಚು. 1971ರಲ್ಲಿ ಯಾಮಾಗಿಶಿ ರಿಯೋಕೊ ರಚಿಸಿದ 'ಬಿಳಿಯ ಕೋಣೆಯ ಇಬ್ಬರು' ಈ ಪ್ರಕಾರದ ಮೊದಲ ಮಾಂಗಾಗಳಲ್ಲೊಂದೆಂದು ಗಣಿತವಾಗಿದೆ. ಅದೂ ನಾಯಕಿಯರಲ್ಲೊಬ್ಬಳ ಸಾವಿನಲ್ಲಿ ಕೊನೆಗೊಳ್ಳುತ್ತದೆ.

ತಾಕಾಶಿಮಾ ಹಿರೋಮಿ 2010ರಲ್ಲಿ ಆರಂಭಿಸಿದ 'ಕಾಸೆ-ಸಾನ್' ಮಾಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡತಕ್ಕುದು. ಯಾಮಾದಾ ಶಾಲೆಯ ಗಿಡಗಳನ್ನು ನೋಡಿಕೊಳ್ಳುವ ಸಂಕೋಚದ ಹುಡುಗಿ. ಕಾಸೆ ಓಟದ ಪಟು. ಯಾಮಾದಾ ನೆಟ್ಟ, ಬೆಳಗಿನಲ್ಲಿ ಅರಳುವ ಅಸಗಾವೊ ಬಳ್ಳಿಗೆ ಕಾಸೆ ನೀರೆರೆಯುವುದರಿಂದ ಅವರ ಕಥೆ ಮೊದಲಾಗುತ್ತದೆ. ಮುಂದೆ ನಡೆಯುವುದೆಲ್ಲ ಸಣ್ಣ ಸಂಗತಿಗಳೇ: ನಾಚಿಕೆ, ಅನುಮಾನ, ಮುನಿಸು, ಮುಗುಳ್ನಗೆ. ಶಾಲೆ ಮುಗಿಯುವಾಗ ಹಳೆಯ ಅಗಲಿಕೆಯ ಗಳಿಗೆ ಇಲ್ಲಿಯೂ ಎದುರಾಗುತ್ತದೆ. ಆದರೆ ಇಬ್ಬರೂ ಟೋಕಿಯೋ ನಗರಕ್ಕೆ ಓದಲು ಹೋಗುತ್ತಾರೆ. ಕಥೆ ಕಾಲೇಜಿನ ದಿನಗಳಿಗೆ ಸಾಗುತ್ತದೆ.

ಲಘುತ್ವದ ಮರ್ಮ ಇಲ್ಲಿದೆ. ನಾಳೆ ಮತ್ತೆ ಭೇಟಿಯಾಗುವೆವೆಂಬ ಭರವಸೆ ಇದ್ದಲ್ಲಿ ಸಣ್ಣ ಮುನಿಸು ವಿನೋದವಾಗುತ್ತದೆ. ಗಡುವು ಇದ್ದಲ್ಲಿ ಅದೇ ಮುನಿಸು ದುಃಖಕ್ಕೆ ತಿರುಗುತ್ತದೆ.

ನಮ್ಮ ದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ವಯಸ್ಕರ ಸಲಿಂಗಪ್ರೇಮ ಅಪರಾಧವಲ್ಲವೆಂದು ತೀರ್ಪಿತ್ತಿತು. 2023ರಲ್ಲಿ ಅಂತಹ ಜೋಡಿಗಳ ಮದುವೆಗೆ ಮಾನ್ಯತೆ ಕೊಡಲು ನಿರಾಕರಿಸಿತು. ದಾರಿ ಅರ್ಧ ತೆರೆದಿದೆ. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿತವಾದುದರಿಂದ, ಈ ನಾಲ್ಕು ತಾಲೂಕುಗಳ ಗೆಳತಿಯರಿಗೆ ಶಾಲೆಯ ಆಚೆಗೂ ಜೊತೆಯಾಗಿ ಓದುವ ಎಡೆ ಹತ್ತಿರದಲ್ಲೇ ದೊರೆತಿದೆ. ಇಂತಹ ಚಿತ್ರಕಥೆಯನ್ನು ಹಿಡಿದು ಕುಳಿತ ವಿದ್ಯಾರ್ಥಿನಿಯನ್ನು ಕಂಡಾಗ ಅಧ್ಯಾಪಕರಾದ ನಾವು ನಗಬಹುದು, ಗದರಲೂಬಹುದು. ಅಗಲಿಕೆಯನ್ನು ಕಡ್ಡಾಯವಾಗಿಸದ ಕಥೆಯೊಂದನ್ನು ಅವಳು ಓದುತ್ತಿರುವಳೆಂಬುದನ್ನು ಅರಿತಿದ್ದರೆ, ನಮ್ಮ ಮಾತಿನ ದನಿ ಬೇರೆಯಾದೀತು.